ಬೀರುವಿನೊಳಗೆ ಅಡಗಿದ ಯಂತ್ರ: ಗ್ರಾಹಕರ ಮನಸ್ಸಿಗೆ ಒಗ್ಗುವ ವಸ್ತುವನ್ನು ರೂಪಿಸುವ ಬಗೆ

ಮನೆಯಲ್ಲೇ ರಕ್ತದೊತ್ತಡ ನೋಡಿಕೊಳ್ಳುವ ಯಂತ್ರವೊಂದರ ಹೊಸ ಮಾದರಿಯನ್ನು ರೂಪಿಸುವ ತಂಡದಲ್ಲಿ ನಾನಿದ್ದೆ. ಹಳೆಯ ಮಾದರಿಯನ್ನು ಜನ ಹೇಗೆ ಬಳಸುತ್ತಾರೆಂದು ನೋಡಲು ಕೆಲವರ ಮನೆಗಳಿಗೆ ಹೋಗಿದ್ದೆವು. ಎಪ್ಪತ್ತರ ಆಸುಪಾಸಿನ ಒಬ್ಬ ಹಿರಿಯರು ಬಟ್ಟೆಯ ಬೀರು ತೆರೆದು, ಮಡಿಸಿಟ್ಟ ಹೊದಿಕೆಗಳ ಹಿಂದಿನಿಂದ ಯಂತ್ರವನ್ನು ಹೊರತೆಗೆದರು. "ಕೆಟ್ಟಿದೆಯೇನಮ್ಮ?" ಎಂದು ಕೇಳಿದೆ. "ಇಲ್ಲ, ಚೆನ್ನಾಗಿಯೇ ಇದೆ. ಎಲ್ಲರೂ ಹೊರಗೆ ಹೋದ ಮೇಲೆ ನೋಡಿಕೊಳ್ಳುತ್ತೇನೆ" ಎಂದರು. ಅಳತೆ ಮುಗಿದ ಕೂಡಲೇ ಆ ಯಂತ್ರ ಮೂರು ಸಲ ಕೀರಲು ದನಿಯಲ್ಲಿ ಕೂಗುತ್ತಿತ್ತು. ಅದು ಕೇಳಿಸಿದರೆ ಸಾಕು, ಪಕ್ಕದ ಕೋಣೆಯಿಂದ ಮಗ "ಅಮ್ಮಾ, ಎಷ್ಟು ಬಂತು?" ಎನ್ನುತ್ತಾನೆ. ಸೊಸೆ ಬಂದು ಅಂಕಿ ನೋಡುತ್ತಾಳೆ. ನಿನ್ನೆ ಯಾಕೆ ಸರಿಯಾಗಿ ನಿದ್ದೆ ಮಾಡಲಿಲ್ಲ, ಮಾತ್ರೆ ತೆಗೆದುಕೊಂಡಿರೋ ಇಲ್ಲವೋ ಎಂಬ ವಿಚಾರಣೆ ಶುರುವಾಗುತ್ತದೆ. "ಅವರಿಗೆ ನನ್ನ ಮೇಲೆ ಪ್ರೀತಿ ಇದೆ, ನನಗೆ ಗೊತ್ತು. ಆದರೆ ದಿನಾ ಪರೀಕ್ಷೆಗೆ ಕೂತ ಹುಡುಗಿಯ ಹಾಗೆ ಆಗಿಬಿಡುತ್ತೇನೆ" ಎಂದರು.

ನಮ್ಮ ಯೋಜನೆಯ ಕಾಗದದಲ್ಲಿ ಇದ್ದದ್ದು ಇಷ್ಟು: ಇನ್ನೂ ದೊಡ್ಡ ಪರದೆ, ಇನ್ನೂ ಗಟ್ಟಿ ದನಿ, ಅಂಕಿ ಮಿತಿ ಮೀರಿದರೆ ಪರದೆಯೆಲ್ಲ ಕೆಂಪು. ಕಣ್ಣು ಮಂಜಾದವರಿಗೆ, ಕಿವಿ ಮಂದವಾದವರಿಗೆ ಅನುಕೂಲವಾಗಲೆಂದು ಕಾಳಜಿಯಿಂದಲೇ ಬರೆದದ್ದು. ಹಾಗೆಯೇ ಮಾಡಿದ್ದರೆ ಆ ಯಂತ್ರ ಬೀರುವಿನ ಇನ್ನಷ್ಟು ಒಳಕ್ಕೆ ಸೇರುತ್ತಿತ್ತು.

ಭಾವನೆಯ ವಿಚಾರವನ್ನು ಹೆಚ್ಚಿನ ತಂಡಗಳು ಕೊನೆಗೆ ಉಳಿಸಿಕೊಳ್ಳುತ್ತವೆ. ಯಂತ್ರ ಸಿದ್ಧವಾದ ಮೇಲೆ ಒಳ್ಳೆಯ ಬಣ್ಣ, ನುಣುಪಾದ ಅಂಚು, ಮುದ್ದಾದ ಚಿತ್ರ. ಇಷ್ಟು ವರ್ಷ ಈ ಕೆಲಸ ಮಾಡಿ ನನಗೆ ಖಚಿತವಾಗಿರುವುದೇನೆಂದರೆ, ಗ್ರಾಹಕರ ಮನಸ್ಸು ಮುದುಡುವುದೂ ಅರಳುವುದೂ ಬಳಕೆಯ ಯಾವುದೋ ಒಂದು ಗಳಿಗೆಯಲ್ಲಿ. ಪಕ್ಕದಲ್ಲಿ ಯಾರಿದ್ದಾರೆ, ಯಾವುದಕ್ಕೆ ಅಂಜುತ್ತಿದ್ದಾರೆ ಎಂಬುದನ್ನು ಬಿಟ್ಟು ಆ ಗಳಿಗೆ ಅರ್ಥವಾಗುವುದಿಲ್ಲ. ಅದನ್ನು ಮೊದಲೇ ಹುಡುಕಿಕೊಂಡು ಅಲ್ಲಿಂದ ವಸ್ತುವನ್ನು ರೂಪಿಸುತ್ತ ಬರುವುದು ಹೇಗೆ ಎಂಬುದನ್ನು ಕೆಳಗೆ ಹಂತಹಂತವಾಗಿ ಹೇಳುತ್ತೇನೆ.

1. ಮೊದಲು ವಸ್ತು ತನ್ನ ಕೆಲಸ ಮಾಡಲಿ

ಜಪಾನಿನ ಗುಣಮಟ್ಟ ತಜ್ಞ ನೊರಿಯಾಕಿ ಕಾನೊ 1984ರಲ್ಲಿ ಗುಣಮಟ್ಟವನ್ನು ವಿಂಗಡಿಸಿ ತೋರಿಸಿದರು. ಕೆಲವು ಗುಣಗಳು ಇದ್ದರೆ ಯಾರೂ ಹೊಗಳುವುದಿಲ್ಲ, ಇಲ್ಲದಿದ್ದರೆ ಸಿಟ್ಟಾಗುತ್ತಾರೆ. ಕೆಲವು ಹೆಚ್ಚಾದಷ್ಟೂ ತೃಪ್ತಿ ಹೆಚ್ಚುತ್ತದೆ. ಇನ್ನು ಕೆಲವನ್ನು ಯಾರೂ ಕೇಳಿರುವುದಿಲ್ಲ, ಸಿಕ್ಕಾಗ ಹಿಗ್ಗುತ್ತಾರೆ. ನಿಮ್ಮ ವಸ್ತುವಿನ ಗುಣಗಳನ್ನೆಲ್ಲ ಒಂದು ಹಾಳೆಯಲ್ಲಿ ಹೀಗೆ ವಿಂಗಡಿಸಿ. ಮೊದಲ ಗುಂಪಿನಲ್ಲಿ ಒಂದು ಕೊರತೆ ಕಂಡರೂ ಮುಂದಿನ ಹಂತಗಳಿಗೆ ಹೋಗಬೇಡಿ. ತಪ್ಪು ಅಂಕಿ ತೋರಿಸುವ ಯಂತ್ರ ಎಷ್ಟು ಸೌಮ್ಯವಾಗಿ ತೋರಿಸಿದರೂ ಮೋಸವೇ. ಆ ಹಾಳೆಯನ್ನು ವರ್ಷಕ್ಕೊಮ್ಮೆಯಾದರೂ ತಿದ್ದುತ್ತಿರಿ. ಇಂದು ಹಿಗ್ಗು ತಂದ ಗುಣ ಕೆಲವೇ ವರ್ಷಗಳಲ್ಲಿ ಇರಲೇಬೇಕಾದವುಗಳ ಸಾಲಿಗೆ ಬಂದು ಕೂರುತ್ತದೆ.

2. ಬಳಸುವ ಜಾಗಕ್ಕೇ ಹೋಗಿ ಕೂರಿ

ಇಡೀ ಕೆಲಸದಲ್ಲಿ ಹೆಚ್ಚು ಸಮಯ ಕೊಡಬೇಕಾದದ್ದು ಇಲ್ಲಿ. ಪ್ರಶ್ನಾವಳಿ ಕಳಿಸಿ ಉತ್ತರ ತರಿಸಿಕೊಳ್ಳುವುದು ಸುಲಭ. ಆದರೆ ಆ ಹಿರಿಯರಿಗೆ ಪ್ರಶ್ನಾವಳಿ ಹೋಗಿದ್ದರೆ "ಯಂತ್ರ ತೃಪ್ತಿಕರವಾಗಿದೆ" ಎಂದೇ ಗುರುತು ಹಾಕುತ್ತಿದ್ದರು. ಅದು ಸುಳ್ಳೂ ಆಗುತ್ತಿರಲಿಲ್ಲ.

ಒಂದು ಮನೆಗೆ ಇಬ್ಬರಿಗಿಂತ ಹೆಚ್ಚು ಜನ ಹೋಗಬೇಡಿ. ಒಬ್ಬರು ಮಾತನಾಡಲಿ, ಇನ್ನೊಬ್ಬರು ಬರೆದುಕೊಳ್ಳಲಿ. ಬಂದ ಕೂಡಲೇ ವಸ್ತುವಿನ ಮಾತು ಎತ್ತಬೇಡಿ. ಅವರ ದಿನ ಹೇಗೆ ಶುರುವಾಗುತ್ತದೆ, ಹೇಗೆ ಮುಗಿಯುತ್ತದೆ ಎಂಬಲ್ಲಿಂದ ಮಾತು ಬೆಳೆಯಲಿ. "ಇದನ್ನು ಸಾಮಾನ್ಯವಾಗಿ ಹೇಗೆ ಬಳಸುತ್ತೀರಿ?" ಎಂದು ಕೇಳಿದರೆ ಜನ ಬಳಸಬೇಕಾದ ಕ್ರಮವನ್ನು ಹೇಳುತ್ತಾರೆ. "ಕೊನೆಯ ಸಲ ಬಳಸಿದ್ದು ಯಾವಾಗ? ಎಲ್ಲಿ ಕೂತಿದ್ದಿರಿ? ಕೋಣೆಯಲ್ಲಿ ಮತ್ತೆ ಯಾರಿದ್ದರು? ಮುಗಿದ ಮೇಲೆ ಏನು ಮಾಡಿದಿರಿ?" ಎಂದು ಕೇಳಿದರೆ ನಡೆದದ್ದನ್ನು ಹೇಳುತ್ತಾರೆ. ಉತ್ತರ ಬಂದ ಮೇಲೆ ಐದು ಎಣಿಸುವಷ್ಟು ಹೊತ್ತು ಸುಮ್ಮನಿರಿ. ನಿಜವಾದ ಮಾತು ಎಷ್ಟೋ ಸಲ ಆ ಮೌನದ ನಂತರ ಹೊರಬರುತ್ತದೆ. "ದಿನಾ ಪರೀಕ್ಷೆಗೆ ಕೂತ ಹುಡುಗಿ" ಎಂಬ ಮಾತು ನನಗೆ ಸಿಕ್ಕಿದ್ದು ಹಾಗೆಯೇ. ನಾನು ಮುಂದಿನ ಪ್ರಶ್ನೆಗೆ ಆತುರಪಟ್ಟಿದ್ದರೆ ಅದು ಅವರಲ್ಲೇ ಉಳಿದುಬಿಡುತ್ತಿತ್ತು.

ಕಿವಿಗಿಂತ ಕಣ್ಣಿಗೆ ಹೆಚ್ಚು ಕೆಲಸ ಕೊಡಿ. ವಸ್ತುವನ್ನು ಎಲ್ಲಿ ಇಟ್ಟಿದ್ದಾರೆ? ಎಲ್ಲರಿಗೂ ಕಾಣುವಲ್ಲಿಯೋ, ಮರೆಯಲ್ಲಿಯೋ? ಮಿನುಗುವ ದೀಪದ ಮೇಲೆ ಕಪ್ಪು ಟೇಪು ಅಂಟಿಸಿದ್ದಾರೆಯೇ? ಕೊಂಡು ಎರಡು ವರ್ಷವಾದರೂ ರಿಮೋಟಿನ ಮೇಲಿನ ಪ್ಲಾಸ್ಟಿಕ್ ಹಾಳೆಯನ್ನು ಕಿತ್ತಿಲ್ಲವೇ? ಗುಂಡಿಯ ಪಕ್ಕ ಕೈಬರಹದಲ್ಲಿ ಚೀಟಿ ಅಂಟಿದೆಯೇ? ಟೇಪು ಅಂಟಿಸಿದವರಿಗೆ ರಾತ್ರಿ ಯಾರೋ ನೋಡುತ್ತಿರುವಂತೆ ಅನ್ನಿಸಿರಬಹುದು. ಪ್ಲಾಸ್ಟಿಕ್ ಬಿಡಿಸದವರಿಗೆ ದುಡಿದು ಕೊಂಡದ್ದು ಹೊಸದಾಗಿಯೇ ಉಳಿಯಲಿ ಎಂಬ ಆಸೆ ಇರಬಹುದು. ಚೀಟಿ ಬರೆದುಕೊಂಡವರು ಪದೇ ಪದೇ ಮಕ್ಕಳನ್ನು ಕೇಳಲು ಸಂಕೋಚಪಡುತ್ತಿರಬಹುದು. ಊಹೆಗಳನ್ನು ಬರೆದುಕೊಳ್ಳಿ, ಆದರೆ ಅಲ್ಲೇ ಕೇಳಿ ಖಚಿತಪಡಿಸಿಕೊಳ್ಳಿ. ಎಂಟು ಹತ್ತು ಮನೆಗಳಾಗುವ ಹೊತ್ತಿಗೆ ಒಂದೇ ಬಗೆಯ ಅಳುಕು ಬೇರೆ ಬೇರೆ ವೇಷದಲ್ಲಿ ಕಾಣಿಸಿಕೊಳ್ಳತೊಡಗುತ್ತದೆ.

3. ಅಗತ್ಯವನ್ನು ಒಂದೇ ವಾಕ್ಯದಲ್ಲಿ ಬರೆಯಿರಿ

ಭಾವನೆ ಬೇರೆ, ಅದರ ಹಿಂದಿನ ಅಗತ್ಯ ಬೇರೆ. ಸಿಟ್ಟು, ನಾಚಿಕೆ, ನಿರಾಳ ಇವೆಲ್ಲ ಒಳಗಿನ ಯಾವುದೋ ಅಗತ್ಯಕ್ಕೆ ಪೆಟ್ಟು ಬಿದ್ದಿದೆ ಅಥವಾ ಅದು ಈಡೇರಿದೆ ಎಂಬುದರ ಸೂಚನೆಗಳು. "ನಮ್ಮ ವಸ್ತು ಖುಷಿ ಕೊಡಬೇಕು" ಎಂದು ಬರೆದುಕೊಂಡ ತಂಡಕ್ಕೆ ನಾಳೆ ಬೆಳಿಗ್ಗೆ ಏನು ಮಾಡಬೇಕೆಂದು ತಿಳಿಯುವುದಿಲ್ಲ. "ಮನೆಯವರ ಮುಂದೆ ತನ್ನ ಆರೋಗ್ಯದ ಯಜಮಾನಿಕೆ ತನ್ನ ಕೈಯಲ್ಲೇ ಇರಬೇಕು" ಎಂದು ಬರೆದುಕೊಂಡರೆ ತಿಳಿಯುತ್ತದೆ.

ನೆದರ್ಲೆಂಡ್ಸ್‌ನ ಡೆಲ್ಫ್ಟ್ ತಾಂತ್ರಿಕ ವಿಶ್ವವಿದ್ಯಾಲಯದ ಪೀಟರ್ ಡೆಸ್ಮೆಟ್ ಮತ್ತು ಅವರ ಸಹಲೇಖಕ ಸ್ಟೀವನ್ ಫೊಕಿಂಗಾ 2020ರಲ್ಲಿ ವಿನ್ಯಾಸಕಾರರಿಗೆಂದೇ ಮನುಷ್ಯರ 13 ಮೂಲ ಅಗತ್ಯಗಳ ಪಟ್ಟಿಯೊಂದನ್ನು ಕೊಟ್ಟರು. ಸ್ವಾತಂತ್ರ್ಯ, ಸೌಂದರ್ಯ, ಸುಖ, ಸಾಮರ್ಥ್ಯ, ಮನ್ನಣೆ, ಒಡನಾಟ, ಭದ್ರತೆ, ಸಾರ್ಥಕತೆ ಮೊದಲಾದವು ಅದರಲ್ಲಿವೆ. ಮನೆಗಳಿಂದ ತಂದ ಟಿಪ್ಪಣಿಗಳನ್ನು ಇಂಥ ಪಟ್ಟಿಯ ಎದುರಿಟ್ಟು ನೋಡುವುದು ಉಪಯುಕ್ತ, ಕಣ್ತಪ್ಪಿದ್ದು ಸಿಗುತ್ತದೆ. ಆದರೆ ಪಟ್ಟಿಯಿಂದ ಶುರುಮಾಡಬೇಡಿ. ಪಟ್ಟಿಯನ್ನು ಮೊದಲು ಓದಿಕೊಂಡು ಹೋದವರಿಗೆ ಹೋದಲ್ಲೆಲ್ಲ ಪಟ್ಟಿಯೇ ಕಾಣುತ್ತದೆ.

ವಾಕ್ಯಕ್ಕೆ ಮೂರು ಭಾಗ ಇರಲಿ: ಯಾವ ಗಳಿಗೆ, ಯಾವ ಅಳುಕು, ಬದಲಿಗೆ ಏನು ಅನ್ನಿಸಬೇಕು. ನಾವು ಬರೆದದ್ದು ಇದು: "ಅಳತೆ ಮುಗಿಯುವ ಗಳಿಗೆಯಲ್ಲಿ, ಅಂಕಿ ತನಗಿಂತ ಮೊದಲು ಮನೆಯವರಿಗೆ ತಿಳಿದುಬಿಡುತ್ತದೆ ಎಂಬ ಅಳುಕು ಇವರಿಗಿದೆ, ಮೊದಲು ತಾನು ನೋಡಿ, ಹೇಳಬೇಕೋ ಬೇಡವೋ ತಾನೇ ನಿರ್ಧರಿಸಿದೆ ಎಂದು ಅನ್ನಿಸಬೇಕು." ಈ ವಾಕ್ಯವನ್ನು ಗೋಡೆಗೆ ಅಂಟಿಸಿದೆವು. ಮುಂದಿನ ಪ್ರತಿ ಜಗಳವನ್ನೂ ಅದರ ಮುಂದೆಯೇ ಬಗೆಹರಿಸಿಕೊಂಡೆವು.

ಇಂಥ ವಾಕ್ಯವೂ ತಪ್ಪಾಗಬಹುದು. 1979ರಲ್ಲಿ ಬಂದ ಸೋನಿಯ ಮೊದಲ ವಾಕ್‌ಮನ್‌ಗೆ ಇಬ್ಬರು ಕೇಳಲೆಂದು ಎರಡು ಹೆಡ್‌ಫೋನ್ ಕಿಂಡಿಗಳಿದ್ದವು. ಹಾಡಿನ ನಡುವೆ ಪರಸ್ಪರ ಮಾತನಾಡಲು ಕಿತ್ತಳೆ ಬಣ್ಣದ ಗುಂಡಿಯೊಂದಿತ್ತು. ಪಕ್ಕದವರನ್ನು ಬಿಟ್ಟು ಒಬ್ಬರೇ ಸಂಗೀತ ಕೇಳುವುದು ಒರಟುತನವಾಗುತ್ತದೆ ಎಂಬುದು ಸಂಸ್ಥೆಯ ಸ್ಥಾಪಕರಲ್ಲೊಬ್ಬರಾದ ಅಕಿಯೊ ಮೊರಿಟಾ ಅವರ ಆತಂಕವಾಗಿತ್ತು. ಜನರಿಗೆ ಹಿಡಿಸಿದ್ದು ಬೇರೆಯೇ: ಗದ್ದಲದ ನಡುವೆ ತನ್ನದೇ ಒಂದು ಲೋಕ. ಆ ಗುಂಡಿ ಮುಂದಿನ ಮಾದರಿಗಳಲ್ಲಿ ಮರೆಯಾಯಿತು. ಆದ್ದರಿಂದ ವಾಕ್ಯವನ್ನು ಪೆನ್ಸಿಲ್ಲಿನಲ್ಲಿ ಬರೆದದ್ದೆಂದೇ ತಿಳಿಯಿರಿ.

4. ವಾಕ್ಯವನ್ನು ತೂಕ, ದನಿ, ಬೆಳಕು, ಮಾತುಗಳಾಗಿ ಮಾರ್ಪಡಿಸಿ

"ಘನತೆ" ಎಂಬ ಪದವನ್ನು ಕಾರ್ಖಾನೆಗೆ ಕಳಿಸಲಾಗುವುದಿಲ್ಲ. ಅಲ್ಲಿಗೆ ಹೋಗಬೇಕಾದದ್ದು ಮಿಲಿಮೀಟರು, ಗ್ರಾಂ, ಸೆಕೆಂಡು. ಈ ದಾಟುವಿಕೆಗೆ ಒಂದು ಶಿಸ್ತನ್ನು ಕಟ್ಟಿದವರು ಜಪಾನಿನ ಹಿರೋಶಿಮಾ ವಿಶ್ವವಿದ್ಯಾಲಯದ ಮಿತ್ಸುಒ ನಾಗಮಾಚಿ. 1970ರ ದಶಕದಲ್ಲಿ ಶುರುವಾದ ಅವರ ಪದ್ಧತಿಗೆ 'ಕಾನ್ಸೇ ಎಂಜಿನಿಯರಿಂಗ್' ಎಂದು ಹೆಸರು. ಕಾನ್ಸೇ ಎಂದರೆ ಇಂದ್ರಿಯಗಳ ಮೂಲಕ ಮನಸ್ಸಿನಲ್ಲಿ ಮೂಡುವ ಅನಿಸಿಕೆ. 1989ರಲ್ಲಿ ಬಂದ ಮಾಜ್ಡಾ ಎಂಎಕ್ಸ್-5 ಕಾರಿನ ಹಿಂದೆ ಈ ಪದ್ಧತಿ ಇತ್ತು. ಸವಾರನೂ ಕುದುರೆಯೂ ಒಂದಾದ ಅನಿಸಿಕೆ ಬೇಕೆಂಬುದನ್ನು ಅಲ್ಲಿನ ಎಂಜಿನಿಯರುಗಳು ಗುರಿಯಾಗಿ ಇಟ್ಟುಕೊಂಡು, ಅದನ್ನು ಒಡೆಯುತ್ತ ಹೋಗಿ ಆಸನ, ಗೇರು, ಎಂಜಿನ್ನಿನ ದನಿಯವರೆಗೆ ಇಳಿಸಿದರು.

ಸಣ್ಣ ತಂಡವೂ ಇದನ್ನು ಸರಳವಾಗಿ ಮಾಡಬಹುದು. ಬಳಕೆದಾರರ ಬಾಯಿಂದ ಬಂದ ಪದಗಳನ್ನು ವಿರುದ್ಧ ಜೋಡಿಗಳಾಗಿ ಮಾಡಿ: ಗದರಿಸುವಂತಿದೆ / ಜೊತೆಗಿರುವಂತಿದೆ, ಆಸ್ಪತ್ರೆಯದು / ಮನೆಯದು, ಅವಸರ / ನಿಧಾನ. ಪ್ರತಿ ಜೋಡಿಯ ನಡುವೆ 7 ಚೌಕಗಳ ಅಳತೆಪಟ್ಟಿ ಎಳೆಯಿರಿ. ಮನಶ್ಶಾಸ್ತ್ರಜ್ಞ ಚಾರ್ಲ್ಸ್ ಆಸ್‌ಗುಡ್ ಮತ್ತು ಸಂಗಡಿಗರು 1950ರ ದಶಕದಲ್ಲಿ ಪದಗಳ ಅರ್ಥಚ್ಛಾಯೆ ಅಳೆಯಲು ಬಳಕೆಗೆ ತಂದ ಉಪಾಯವಿದು. ಬಳಿಕ ಒಂದೇ ಒಂದು ಅಂಶ ಬದಲಾಗಿರುವ ಮಾದರಿಗಳನ್ನು ಮಾಡಿ ಜನರ ಕೈಗೆ ಕೊಡಿ. ನಾವು ಒಂದೇ ಆಕಾರದ ನಾಲ್ಕು ಪೆಟ್ಟಿಗೆಗಳನ್ನು ಮಾಡಿ, ಒಳಗೆ ಬೇರೆ ಬೇರೆ ಭಾರ ತುಂಬಿದ್ದೆವು. ಹಗುರವಾದದ್ದೇ ಎಲ್ಲರಿಗೂ ಇಷ್ಟವಾಗುತ್ತದೆಂದು ನಾನು ನಂಬಿದ್ದೆ. ತೀರ ಹಗುರವಾದದ್ದನ್ನು ಹಿಡಿದವರು ಒಬ್ಬರಾದ ಮೇಲೊಬ್ಬರು "ಇದು ಸರಿಯಾದ ಅಂಕಿ ತೋರಿಸುತ್ತದೆಯೇ?" ಎಂದು ಕೇಳಿದರು.

ಅಡುಗೆಮನೆಯ ಸಲಕರಣೆಗಳ ಓಕ್ಸೋ ಕಥೆಯನ್ನು ನಾನು ಹೊಸಬರಿಗೆ ಯಾವಾಗಲೂ ಹೇಳುತ್ತೇನೆ. ಅದನ್ನು ಸ್ಥಾಪಿಸಿದ ಸ್ಯಾಮ್ ಫಾರ್ಬರ್ ಅವರ ಪತ್ನಿ ಬೆಟ್ಸಿಗೆ ಸಂಧಿವಾತದಿಂದ ಸಿಪ್ಪೆ ತೆಗೆಯುವ ಉಪಕರಣ ಹಿಡಿಯುವುದು ಕಷ್ಟವಾಗಿತ್ತು. ಅಲ್ಲಿಂದ ಹುಟ್ಟಿ 1990ರಲ್ಲಿ ಮಾರುಕಟ್ಟೆಗೆ ಬಂದ ಸಲಕರಣೆಗಳಿಗೆ ದಪ್ಪನೆಯ, ಮೆತ್ತಗಿನ ಕಪ್ಪು ರಬ್ಬರಿನಂಥ ಹಿಡಿ ಇತ್ತು. ಬೆರಳು ಕೂರುವಲ್ಲಿ ಸಣ್ಣ ಸೀಳುಗಳು. ನೋವಿರುವ ಕೈಗೆ ಅದು ಹಿತವಾಗಿತ್ತು ಎಂಬುದು ಅರ್ಧ ವಿಷಯ. ಅದು ರೋಗಿಗಳ ಸಾಧನದಂತೆ ಕಾಣುತ್ತಿರಲಿಲ್ಲ ಎಂಬುದು ಉಳಿದರ್ಧ. ಕೈ ಗಟ್ಟಿಯಿದ್ದವರೂ ಅದನ್ನೇ ಕೊಂಡರು. ಹಾಗಾಗಿ ಅದನ್ನು ಬಳಸಿದ ಯಾರಿಗೂ ತಾನು ಬೇರೆ ಎಂದು ಅನ್ನಿಸಬೇಕಿರಲಿಲ್ಲ. ಆ ಕಪ್ಪು ಹಿಡಿಯನ್ನು ಅಂಗೈಯಲ್ಲಿ ತುಂಬಿಕೊಂಡಾಗಲೆಲ್ಲ ನನಗೆ ಈ ವೃತ್ತಿಯ ಬಗ್ಗೆ ಗೌರವ ಹೆಚ್ಚುತ್ತದೆ.

ನಮ್ಮ ಯಂತ್ರಕ್ಕೆ ಬಂದರೆ, ಇಲ್ಲಿ ಮನಸ್ಸಿನ ಮಾತು ಅಳತೆಯ ಮಾತೂ ಆಗಿತ್ತು. ಆತಂಕದಲ್ಲಿದ್ದವರ ರಕ್ತದೊತ್ತಡ ಏರುತ್ತದೆ. ಹೆದರಿಸುವ ಯಂತ್ರ ತಾನೇ ಅಂಕಿಯನ್ನು ಮೇಲಕ್ಕೆ ತಳ್ಳುತ್ತದೆ. ಅಳೆಯುವ ಮೊದಲು ಐದು ನಿಮಿಷ ಬೆನ್ನಿಗೆ ಆಸರೆ ಕೊಟ್ಟು, ತೋಳು ಎದೆಯ ಮಟ್ಟದಲ್ಲಿರುವಂತೆ, ಮಾತಿಲ್ಲದೆ ಕೂರಬೇಕು. ಕೈಪಿಡಿಯಲ್ಲಿದ್ದ ಈ ಸಾಲನ್ನು ಯಾರೂ ಪಾಲಿಸುತ್ತಿರಲಿಲ್ಲ. ನಾವು ಆ ಐದು ನಿಮಿಷವನ್ನು ಯಂತ್ರದೊಳಗೇ ತಂದೆವು. ಗುಂಡಿ ಒತ್ತಿದರೆ ಒಂದು ಮಂದ ಬೆಳಕು ಉಸಿರಾಟದ ಲಯದಲ್ಲಿ ಹೆಚ್ಚಿ ಕಡಿಮೆಯಾಗುತ್ತ ಕ್ರಮೇಣ ಆರುತ್ತದೆ, ಆಮೇಲೆ ಅಳತೆ ಶುರು. ತೋಳುಪಟ್ಟಿಗೆ ಗಾಳಿ ತುಂಬುತ್ತಿರುವಾಗಲೇ ಅಳೆಯುವ ವಿಧಾನ ಆರಿಸಿಕೊಂಡದ್ದರಿಂದ ತೋಳನ್ನು ವಿಪರೀತ ಹಿಂಡುವುದು ತಪ್ಪಿತು. ಮುಗಿದಾಗ ಕೂಗಿನ ಬದಲು ಕೈಗೆ ಮಾತ್ರ ತಿಳಿಯುವ ಸಣ್ಣ ಕಂಪನ. ದನಿ ಬೇಕೆನ್ನುವವರು ಹಾಕಿಕೊಳ್ಳಬಹುದು. ಪರದೆ ಕೂತವರ ಕಡೆಗೆ ವಾಲಿದ್ದರಿಂದ ನಿಂತವರಿಗೆ ಕಾಣುವುದಿಲ್ಲ.

ಮಾತುಗಳನ್ನು ಬರೆಯುವ ಹೊಣೆಯನ್ನು ಕೊನೆಯ ದಿನಕ್ಕೆ ಬಿಡಬೇಡಿ. ಅಂಕಿ ಹೆಚ್ಚಿದ್ದಾಗ ಪರದೆಯಲ್ಲಿ "ಅಪಾಯ!" ಎಂದಿದ್ದುದನ್ನು ಹೀಗೆ ಮಾಡಿದೆವು: "ಹೆಚ್ಚಾಗಿದೆ. ಐದು ನಿಮಿಷ ಸುಮ್ಮನೆ ಕುಳಿತು ಇನ್ನೊಮ್ಮೆ ನೋಡಿ. ಮತ್ತೆ ಇಷ್ಟೇ ಬಂದರೆ ವೈದ್ಯರಿಗೆ ತಿಳಿಸಿ. ಎದೆನೋವು, ಉಸಿರಾಟದ ತೊಂದರೆ ಇದ್ದರೆ ಕಾಯಬೇಡಿ." ಅಂಕಿಯನ್ನು ಮುಚ್ಚಿಡಲಿಲ್ಲ, ಮೃದುಮಾಡಲಿಲ್ಲ. ಮುಂದೆ ಏನು ಮಾಡಬೇಕೆಂದು ಹೇಳಿದೆವು. ಭಯಕ್ಕೆ ಮದ್ದಾಗುವುದು ಸುಳ್ಳು ಸಮಾಧಾನಕ್ಕಿಂತ ಮಾಡಬಲ್ಲ ಒಂದು ಕೆಲಸ.

5. ಪೆಟ್ಟಿಗೆ ಬಿಚ್ಚುವಲ್ಲಿಂದ ಎಸೆಯುವವರೆಗೆ ನೋಡಿ

ಒಂದು ಉದ್ದನೆಯ ಗೆರೆ ಎಳೆದು ಮೊದಲ ನೋಟ, ಮೊದಲ ಬಳಕೆ, ನೂರನೇ ಬಳಕೆ, ಕೆಟ್ಟ ದಿನ, ವಿಲೇವಾರಿ ಎಂದು ಗುರುತಿಸಿ. ಪ್ರತಿಯೊಂದರ ಕೆಳಗೆ ಬಳಸುವವರ ಮನಸ್ಸು ಎಲ್ಲಿದೆಯೆಂದು ಬರೆಯಿರಿ. ಎಲ್ಲ ಗುರುತಿಗೂ ಸಮ ಶ್ರಮ ಬೇಡ. ಮನಶ್ಶಾಸ್ತ್ರಜ್ಞ ಡೇನಿಯಲ್ ಕಾನ್ಮನ್ ಮತ್ತು ಸಂಗಡಿಗರು 1993ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಜನ ಒಂದು ಸಲ 14 ಡಿಗ್ರಿ ತಣ್ಣೀರಿನಲ್ಲಿ 60 ಸೆಕೆಂಡು ಕೈಯಿಟ್ಟರು. ಇನ್ನೊಂದು ಸಲ ಅಷ್ಟೇ ಹೊತ್ತು ಇಟ್ಟು, ನೀರು ಮೆಲ್ಲಗೆ 15 ಡಿಗ್ರಿಗೆ ಏರುತ್ತಿದ್ದಂತೆ ಇನ್ನೂ 30 ಸೆಕೆಂಡು ಇಟ್ಟರು. ಯಾವುದನ್ನು ಮತ್ತೆ ಮಾಡುತ್ತೀರಿ ಎಂದಾಗ ಹೆಚ್ಚಿನವರು ಉದ್ದದ್ದನ್ನೇ ಆರಿಸಿದರು. ನೆನಪಿನಲ್ಲಿ ತೂಕ ಪಡೆಯುವುದು ಅತಿ ತೀವ್ರವಾದ ಗಳಿಗೆ ಮತ್ತು ಕೊನೆಯ ಗಳಿಗೆ. ನಿಮ್ಮ ವಸ್ತುವಿನ ಬಳಕೆ ಹೇಗೆ ಮುಗಿಯುತ್ತದೆಂದು ಯಾರಾದರೂ ಯೋಚಿಸಿದ್ದಾರೆಯೇ? ನಮ್ಮ ಹಳೆಯ ಮಾದರಿ ಗಾಳಿಯನ್ನು ಬುಸ್ಸೆಂದು ಬಿಟ್ಟು, ಕೂಗಿ, ತಟ್ಟನೆ ಆರಿಹೋಗುತ್ತಿತ್ತು.

ಬಿಡಿಭಾಗಗಳನ್ನು ಗ್ರಾಹಕರೇ ಜೋಡಿಸುವ ವಸ್ತುವಾದರೆ ಒಂದು ಎಚ್ಚರ. ತಾನೇ ಜೋಡಿಸಿದ್ದಕ್ಕೆ ಜನ ಹೆಚ್ಚು ಬೆಲೆ ಕಟ್ಟುತ್ತಾರೆ ಎಂದು ಸಂಶೋಧಕರಾದ ಮೈಕೆಲ್ ನಾರ್ಟನ್, ಡೇನಿಯಲ್ ಮೊಚನ್, ಡ್ಯಾನ್ ಆರಿಯೆಲಿ 2012ರಲ್ಲಿ ತೋರಿಸಿದರು. ಜೋಡಣೆ ಪೂರ್ತಿಯಾಗದಿದ್ದರೆ ಆ ಒಲವು ಉಳಿಯುವುದಿಲ್ಲ ಎಂಬುದನ್ನೂ ಅವರೇ ತೋರಿಸಿದರು. ಈ ಎರಡನೆಯ ಮಾತನ್ನು ಮರೆತ ತಂಡಗಳು ಕೊನೆಯ ತಿರುಪು ಕೂರದ ಮೇಜುಗಳನ್ನು ಜನರಿಗೆ ಕಳಿಸುತ್ತಿರುತ್ತವೆ.

6. ಒಲವು ಹುಟ್ಟಿಸಿದರೆ ಹೊಣೆಯನ್ನೂ ಹೊರಿ

ಒಂಟಿತನ, ಭಯ, ಕೀಳರಿಮೆ ಇವೂ ಭಾವನೆಗಳೇ. ಇವನ್ನು ಕೆರಳಿಸಿ ವಸ್ತು ಮಾರುವ ದಾರಿ ಎಲ್ಲರಿಗೂ ಗೊತ್ತು. ನಾನು ಬಳಸುವ ಪರೀಕ್ಷೆ ಒಂದೇ: ನಾವು ಈ ಅಂಶವನ್ನು ಏಕೆ ಇಟ್ಟಿದ್ದೇವೆಂದು ಬಳಕೆದಾರರ ಎದುರು ಕೂತು ಹೇಳಬಲ್ಲೆವೇ? ಒಂದು ದಿನ ಅಳೆಯದಿದ್ದರೆ "ನಿಮ್ಮ ಸರಣಿ ಮುರಿಯಿತು" ಎಂದು ಮೊಬೈಲಿಗೆ ಸಂದೇಶ ಕಳಿಸುವ ಸಲಹೆ ನಮ್ಮಲ್ಲೂ ಬಂದಿತ್ತು. ಆ ಹಿರಿಯರಿಗೆ ಅದನ್ನು ವಿವರಿಸುವುದನ್ನು ಊಹಿಸಿಕೊಂಡೆವು, ಕೈಬಿಟ್ಟೆವು.

ಸೋನಿ 1999ರಲ್ಲಿ ಐಬೋ ಎಂಬ ಯಂತ್ರನಾಯಿಯನ್ನು ತಂದಿತು. 2014ರಲ್ಲಿ ಹಳೆಯ ಐಬೋಗಳ ದುರಸ್ತಿ ಸೇವೆ ನಿಂತಿತು. ಬಳಿಕ ಜಪಾನಿನ ಬೌದ್ಧ ದೇವಾಲಯವೊಂದರಲ್ಲಿ, ಕೆಲಸ ನಿಲ್ಲಿಸಿದ ಐಬೋಗಳಿಗೆ ಅಂತ್ಯಸಂಸ್ಕಾರದ ವಿಧಿಗಳು ನಡೆದವು. ವರ್ಷಗಟ್ಟಲೆ ಜೊತೆಗಿದ್ದದ್ದನ್ನು ಜನ ಕಸವೆಂದು ಎಸೆಯಲಾರರು. ಮನಸ್ಸು ತಾಗುವ ವಸ್ತುವನ್ನು ಮಾಡಹೊರಟವರು ಅದರ ಬಿಡಿಭಾಗ ಎಷ್ಟು ವರ್ಷ ಸಿಗುತ್ತದೆ, ಸೇವೆ ನಿಂತಾಗ ಗ್ರಾಹಕರಿಗೆ ಏನು ಹೇಳುತ್ತೇವೆ ಎಂಬುದನ್ನು ಮೊದಲ ದಿನವೇ ಬರೆದಿಡಬೇಕು.

7. ಪರೀಕ್ಷಿಸಿ, ಆದರೆ "ಇಷ್ಟವಾಯಿತೇ?" ಎಂದು ಕೇಳಿ ಅಲ್ಲ

ಎದುರಿಗೆ ಕೂತವರ ಮನಸ್ಸು ನೋಯಿಸಲು ಯಾರಿಗೂ ಇಷ್ಟವಿರುವುದಿಲ್ಲ, ಹೂಂ ಎನ್ನುತ್ತಾರೆ. ಮಾತಿನ ಬದಲು ಚಿತ್ರ ತೋರಿಸುವುದು ಒಳ್ಳೆಯದು. ಡೆಸ್ಮೆಟ್ ಅವರೇ ರೂಪಿಸಿದ ಪ್ರೆಮೋ ಎಂಬ ಸಾಧನದಲ್ಲಿ ಬೇರೆ ಬೇರೆ ಭಾವ ತೋರಿಸುವ ವ್ಯಂಗ್ಯಚಿತ್ರದ ಗೊಂಬೆಗಳಿವೆ. ಜನ ತಮ್ಮ ಅನಿಸಿಕೆಗೆ ಹೊಂದುವುದನ್ನು ತೋರಿಸಿದರಾಯಿತು. ಇನ್ನೊಂದು ತೊಡಕನ್ನೂ ಗಮನದಲ್ಲಿಡಿ. 1995ರಲ್ಲಿ ಸಂಶೋಧಕರಾದ ಮಸಾಕಿ ಕುರೊಸು ಮತ್ತು ಕಾವೊರಿ ಕಾಶಿಮುರಾ ಎಟಿಎಂ ಪರದೆಯ 26 ಬಗೆಯ ಜೋಡಣೆಗಳನ್ನು 252 ಜನರಿಗೆ ತೋರಿಸಿದಾಗ, ಚೆಂದ ಕಂಡದ್ದನ್ನೇ ಜನ ಬಳಸಲು ಸುಲಭವೆಂದೂ ಭಾವಿಸಿದ್ದು ಕಂಡುಬಂತು. ಆದ್ದರಿಂದ ಮಾದರಿಯನ್ನು ತೋರಿಸಿ ಅಭಿಪ್ರಾಯ ಪಡೆದರೆ ಸಾಲದು. ಎರಡು ವಾರ ಅವರ ಮನೆಯಲ್ಲೇ ಬಿಟ್ಟುಬನ್ನಿ. ತಿರುಗಿ ಹೋದಾಗ ಮೊದಲು ನೋಡಬೇಕಾದದ್ದು ಅದನ್ನು ಎಲ್ಲಿ ಇಟ್ಟಿದ್ದಾರೆಂದು.

ನಾವು ಹಾಗೆ ಹೋದಾಗ ಹೆಚ್ಚಿನ ಮನೆಗಳಲ್ಲಿ ಹೊಸ ಯಂತ್ರ ಮೇಜಿನ ಮೇಲೆ, ಕನ್ನಡಕದ ಪಕ್ಕದಲ್ಲಿತ್ತು. ಆ ಹಿರಿಯರ ಮನೆಯಲ್ಲಿ ಮಾತ್ರ ಮತ್ತೆ ಬೀರುವಿನಲ್ಲೇ ಇತ್ತು. ನನಗೆ ನಿಜಕ್ಕೂ ಬೇಸರವಾಯಿತು. "ಕೂಗುವುದಿಲ್ಲ, ತುಂಬಾ ಒಳ್ಳೆಯದು" ಎಂದರು. ಮತ್ತೇಕೆ ಒಳಗಿಟ್ಟಿರಿ ಎಂದು ಕೇಳಿದೆ. ಏನೂ ಹೇಳದೆ ತೋಳುಪಟ್ಟಿಯನ್ನು ಸುತ್ತಿಕೊಂಡು, ಅದರ ವೆಲ್ಕ್ರೋ ಅಂಚನ್ನು ಹಿಡಿದು ಎಳೆದರು. ಪರ್‍ರೆಂದು ಸದ್ದಾಯಿತು. ಪಕ್ಕದ ಕೋಣೆಯಿಂದ "ಅಮ್ಮಾ, ಎಷ್ಟು ಬಂತು?" ಎಂದು ಮಗನ ದನಿ ಕೇಳಿಸಿತು.

ಮೋಟಾರಿನ ಸದ್ದು, ಗಾಳಿಯ ಸದ್ದು, ಮುಗಿದಾಗಿನ ಕೂಗು ಎಲ್ಲವನ್ನೂ ಅಳೆದಿದ್ದೆವು. ವೆಲ್ಕ್ರೋ ನಮ್ಮ ಪಟ್ಟಿಯಲ್ಲೇ ಇರಲಿಲ್ಲ. ಮರುದಿನ ಬೆಳಿಗ್ಗೆ ತಂಡದವರು ನಾಲ್ಕು ಬಗೆಯ ಕೊಂಡಿಗಳನ್ನು ಮೇಜಿನ ಮೇಲೆ ಹರಡಿಕೊಂಡು, ಒಂದೊಂದನ್ನೇ ಕಿವಿಯ ಬಳಿ ಹಿಡಿದು ಬಿಚ್ಚಿ ನೋಡತೊಡಗಿದರು.